ಹಗ್ಗದ ಈಚೆ ತುದಿ

ಕೊಲ್ಲಿ ನಾಡಿನ ಜುಬೈಲ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ಜಯಕರ ಅಮ್ಮನ್ನನನ್ನು ಈಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ನಿದ್ದೆಯಣ್ಣ. ಎಣ್ಣೆ ಟ್ಯಾಂಕಿನೊಳಗೆ ಆಳು ಇಳಿದಾಗ ಅದರ ಬಾಯಿಯ ಬಳಿ ಹಗ್ಗ ಹಿಡಿದು ಕಾವಲು ಕೂರುವುದು ಅವನ ಕೆಲಸವಾಗಿತ್ತು. ಹೋದ ಬೇಸಗೆಯಲ್ಲಿ ಕೂತಲ್ಲೇ ಜೊಂಪು ಹತ್ತಿತು. ಒಳಗಿದ್ದ ನೋಣಯ ಹೆಣವಾಗಿ ಮೇಲೆ ಬಂದ. ಕಂಪನಿಯ ವಿಚಾರಣೆ ಒಳಗೆ ಗಾಳಿ ಹಾಯಿಸುವ ಯಂತ್ರವನ್ನು ದೂರಿತು, ಕ್ಯಾಂಪು ಇವನನ್ನು. ಅಂದಿನಿಂದ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ.

ಇವತ್ತು ಆಳು ಸಾಲದೆ ಫೋರ್‌ಮನ್ ಮೊಹಮ್ಮದ್ ಇಸ್ಮಾಯಿಲ್ ಅವನನ್ನೇ ಮತ್ತೆ ಕಾವಲಿಗೆ ಕೂರಿಸಿದ. ಒಳಗೆ ಇಳಿಯಬೇಕಾದವನು ನೋಣಯನ ತಮ್ಮ ಶೈಲೇಶ್.

"ನಿದ್ದೆಯಣ್ಣನೇ ಇರಲಿ," ಎಂದು ಶೈಲೇಶ್ ಹಲ್ಲು ಕಿರಿದ. "ತಲೆದಿಂಬು ತರಿಸ್ಲಿಕ್ಕುಂಟಾ?"

ಧೂಳು ತುಂಬಿದ ಆಕಾಶ ಹಳದಿಯಾಗಿತ್ತು. ಎಲೆ ಅಲುಗಿಸುವಷ್ಟೂ ಗಾಳಿಯಿಲ್ಲ. ಹಗ್ಗದ ನಿಯಮ ಸರಳ: ಮೇಲಿನವನು ಒಮ್ಮೆ ಜಗ್ಗಿದರೆ ಒಳಗಿನವನೂ ಒಮ್ಮೆ ಜಗ್ಗಬೇಕು. ಉತ್ತರ ಬರದಿದ್ದರೆ ಹಾರ್ನ್ ಊದಬೇಕು. ಕಾವಲಿನವನು ಮಾತ್ರ ಒಳಗೆ ಇಳಿಯಕೂಡದು.

ಶೈಲೇಶ್ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಸ್ವಲ್ಪ ಹೊತ್ತಿಗೆ ಜಯಕರ ಜಗ್ಗಿದ. ಉತ್ತರವಿಲ್ಲ. ಮತ್ತೆ ಜಗ್ಗಿದ. ಹಾರ್ನ್ ಊದಿಬಿಟ್ಟ. ಎಲ್ಲರೂ ಕೆಲಸ ಬಿಟ್ಟು ಓಡಿಬಂದರು. ಶೈಲೇಶ್ ಮುಖವಾಡ ಸರಿಸಿ ತಾನಾಗಿಯೇ ಏಣಿ ಹತ್ತಿ ಬಂದ.

"ಎಚ್ಚರ ಉಂಟಾ ಇಲ್ವಾ ಅಂತ ನೋಡಿದ್ದು."

"ಇದೆಂತ ಹುಡುಗಾಟ ಮಾರಾಯ?" ಇಸ್ಮಾಯಿಲ್ ಸಿಡುಕಿದ. "ಇನ್ನೊಂದು ಸಲ ಸುಳ್ಳು ಹಾರ್ನ್ ಕೇಳಿದ್ರೆ ಇಬ್ಬರಿಗೂ ಎಕ್ಸಿಟ್, ಸೀದಾ ಊರಿಗೆ. ಯಲ್ಲಾ, ನಡೀರಿ ಕೆಲಸಕ್ಕೆ!"

ಎಲ್ಲರೂ ಹೋದ ಮೇಲೆ ಶೈಲೇಶ್ ಹತ್ತಿರ ಬಾಗಿದ. "ಅಣ್ಣ ಆ ದಿನ ಎಷ್ಟು ಸಲ ಜಗ್ಗಿದ್ದ?"

"ಗೊತ್ತಿಲ್ಲ. ನಾನು ಮಲಗಿದ್ದೆ."

"ಹಾಗಾದ್ರೆ ನೀನು ಬರೀ ನಿದ್ದೆಯಣ್ಣ, ಅಷ್ಟೇ. ಬೇರೆ ಎಂತದೂ ಅಲ್ಲ."

ಅವನು ಮತ್ತೆ ಇಳಿದ. ಕತ್ತಲು ಅವನನ್ನು ಕಾಲಿನಿಂದ ತಲೆಯವರೆಗೆ ನುಂಗಿತು.

ಜಯಕರನಿಗೆ ಅಜ್ಜಿಯ ನೆನಪಾಯಿತು. ಚಿಕ್ಕಂದಿನಲ್ಲಿ ಕ್ರಿಸ್ಮಸ್ ದಿನ ಚರ್ಚಿನಲ್ಲಿ ಸಭೆಯ ಮುಂದೆ ಬಾಯಿಪಾಠದ ಬೈಬಲ್ ವಚನ ಅರ್ಧಕ್ಕೇ ಮರೆತು ಅಳುತ್ತಾ ಇಳಿದಿದ್ದ. ಅಜ್ಜಿ ಸೆರಗಿನಿಂದ ಮುಖ ಒರೆಸಿದ್ದಳು. "ಕೂಸಾಗಿದ್ದಾಗ ದೀಕ್ಷಾಸ್ನಾನದಲ್ಲಿ ನಿನಗೆ ಹೆಸರಿಟ್ಟಾಗ ನೀನು ಒಳ್ಳೇದೂ ಮಾಡಿರ್ಲಿಲ್ಲ, ಕೆಟ್ಟದ್ದೂ ಮಾಡಿರ್ಲಿಲ್ಲ ಮಗಾ. ಕರ್ತನಿಗೆ ನೀನು ಆಗ್ಲೇ ಬೇಕಾಗಿದ್ದೆ."

ಟ್ಯಾಂಕಿನ ಬಾಯಿಂದ ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂತು, ವಿಷದ ಗ್ಯಾಸಿನ ಗುರುತು.

ಜಗ್ಗಿದ. ಉತ್ತರವಿಲ್ಲ. ಬಾವಿಯಲ್ಲಿ ತುಂಬಿದ ಕೊಡದ ಹಾಗೆ ಹಗ್ಗ ಭಾರವಾಗಿತ್ತು.

ಮತ್ತೆ ಆಟವೇ? ಆಟವಾದರೆ ನಾಳೆ ಊರು. ಇರಲಿ. ಈಗ ಊದಿದರೆ ನೋಣಯ ಏಳುವುದಿಲ್ಲ, ತಾನು ಮಲಗಿದ್ದೂ ಅಳಿಯುವುದಿಲ್ಲ. ಯಾವ ಹೆಸರನ್ನೂ ಗಳಿಸಲಿಕ್ಕಿಲ್ಲ. ದೀಕ್ಷಾಸ್ನಾನದಲ್ಲಿ ಸಿಕ್ಕ ಹೆಸರನ್ನು ಯಾರೂ ಕಸಿದಿರಲಿಲ್ಲ. ಹಾರ್ನ್ ಊದಿದ.

ಯಾರೂ ಓಡಿಬರಲಿಲ್ಲ. ದೂರದಲ್ಲಿ ಯಾರೋ ನಕ್ಕರು.

ಒಂದು ಕೈಯಲ್ಲಿ ಹಗ್ಗವನ್ನು ಬಿಗಿಯಾಗಿ ಸುತ್ತಿಕೊಂಡು ಮತ್ತೆ ಊದಿದ. ಮುಖ ಹೊರಗೆ ತಿರುಗಿಸಿ ಉಸಿರು ಎಳೆದುಕೊಂಡು, ಕತ್ತಲೊಳಗೆ ಹೆಸರು ಹಿಡಿದು ಕೂಗಿದ: "ಶೈಲೇಶಾ! ನಾನು, ಜಯಕರ! ಇಲ್ಲೇ ಇದ್ದೇನೆ!"

ಹಗ್ಗ ಅಲುಗಲಿಲ್ಲ. ಮೂರನೆಯ ಸಲ ಊದುವಾಗ, ಬೆನ್ನ ಹಿಂದೆ ನಗು ನಿಂತಿತು. ಬೂಟುಗಳ ಸದ್ದು ಟ್ಯಾಂಕಿನತ್ತ ಓಡಿಬರತೊಡಗಿತು.