ಗೆರೆ ದಾಟಿದ ಚೆಂಡು

ನಸಾರೆನೊ ಗೌನಾ ಬಸ್ಸಿಳಿದಾಗ ಲಾಸ್ ತೂನಾಸ್ ಊರಿಗೆ ಊರೇ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಅವನಿಗೂ ಅದೇ ಬೇಕಿತ್ತು. ಹೆಗಲಿಗೆ ಚೀಲ ಏರಿಸಿ, ತಲೆ ತಗ್ಗಿಸಿ, ಗೋಡೆಗಳ ನೆರಳು ಹಿಡಿದು ನಡೆದ. ಇಲ್ಲಿ ಯಾರಿಗೂ ತನ್ನ ಗುರುತು ಸಿಗದಿದ್ದರೆ ಸಾಕೆಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದ.

ಹದಿನಾಲ್ಕು ವರ್ಷಗಳಲ್ಲಿ ಇದು ಅವನ ಹನ್ನೊಂದನೆಯ ಕ್ಲಬ್ಬು. ಅವನು ಬಲಬದಿಯ ವಿಂಗರ್. ಅಂಚಿಗೆ ಅಂಟಿಕೊಂಡು ಓಡುವುದು, ಎದುರಿನ ಡಿಫೆಂಡರನನ್ನು ಹಿಂದೆ ಹಾಕಿ ಚೆಂಡನ್ನು ಗೋಲಿನ ಮುಂದಕ್ಕೆ ತೂರುವುದು, ಇಷ್ಟೇ ಅವನಿಗೆ ಗೊತ್ತಿದ್ದ ವಿದ್ಯೆ. ದೊಡ್ಡ ಕ್ಲಬ್ಬುಗಳು ಯಾವತ್ತೂ ಕರೆಯಲಿಲ್ಲ. ಮೂರನೆಯ, ನಾಲ್ಕನೆಯ ದರ್ಜೆಯ ಲೀಗುಗಳಲ್ಲಿ, ಹುಲ್ಲಿಗಿಂತ ಕೆಂಪು ಧೂಳೇ ಹೆಚ್ಚಿದ್ದ ಮೈದಾನಗಳಲ್ಲಿ ಅವನ ಮೊಣಕಾಲು ಸವೆದಿತ್ತು. ಈಗ ವಯಸ್ಸು ಮೂವತ್ತನಾಲ್ಕು. ಈ ವರ್ಷ ಬಂದದ್ದು ಒಂದೇ ಕರೆ, ಅದೂ ಈ ಊರಿನ ಸ್ಪೋರ್ತಿವೊ ಕ್ಲಬ್ಬಿನಿಂದ.

ಆರು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅವನು ಎದುರು ತಂಡಕ್ಕೆ ಆಡಿದ್ದ. ಋತುವಿನ ಕೊನೆಯ ಪಂದ್ಯ. ಸಮ ಮಾಡಿಕೊಂಡಿದ್ದರೂ ಸ್ಪೋರ್ತಿವೊ ಲೀಗಿನಲ್ಲಿ ಉಳಿಯುತ್ತಿತ್ತು. ಮುಗಿಯಲು ಎರಡು ನಿಮಿಷವಿದ್ದಾಗ ಉದ್ದನೆಯ ಚೆಂಡೊಂದು ಗೋಲಿನ ಪಕ್ಕದ ಗೆರೆಯನ್ನು ದಾಟಿತು. ಗೌನಾ ಅದನ್ನು ಕಣ್ಣಾರೆ ಕಂಡ. ಕಂಡೂ ಕಾಲುಚಾಚಿ ಒಳಗೆಳೆದುಕೊಂಡ. ಅವನಿಗೆ ಕಾವಲಿದ್ದ ಸ್ಪೋರ್ತಿವೊ ಡಿಫೆಂಡರ್ ಕ್ಲೌದೆಲಿನೊ ಒಹೇದಾ ಚೆಂಡು ಹೊರಗೆಂದು ಕೈಯೆತ್ತಿ ನಿಂತುಬಿಟ್ಟ. ಆದರೆ ಧೂಳಿನಲ್ಲಿ ಲೈನ್ಸ್‌ಮನ್ನಿಗೆ ಏನೂ ಕಾಣದೆ ಬಾವುಟ ಏಳಲಿಲ್ಲ. ಗೌನಾ ಚೆಂಡು ತೂರಿದ, ಗೋಲಾಯಿತು, ಸ್ಪೋರ್ತಿವೊ ಕೆಳದರ್ಜೆಗೆ ಬಿತ್ತು.

ಕ್ಲಬ್ಬಿನ ಬಾಗಿಲಲ್ಲಿ ಅಧ್ಯಕ್ಷೆ ದೋನ್ಯಾ ಎರ್ಮಿಂದಾ ಬೀಸಣಿಗೆ ಹಿಡಿದು ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮನ್ನ ಕೆಳಗೆ ತಳ್ಳಿದ ಮಹಾನುಭಾವ ನೀನೇ ತಾನೆ? ಒಳ್ಳೇದಾಯ್ತು. ಮೇಲೆತ್ತೋದೂ ನಿನ್ನ ಕೆಲಸವೇ." ಒಳಗೆ ತಿರುಗಿ ಕೂಗಿದಳು: "ಲೋ ಕೈಯೆತ್ತಪ್ಪಾ! ಹೊಸಬ ಬಂದಿದಾನೆ, ಅಂಗಿ ಕೊಡೋ!"

ಏಳನೆಯ ನಂಬರಿನ ಅಂಗಿ ಹಿಡಿದು ಬಂದವನು ಒಹೇದಾ. ಆಟ ಬಿಟ್ಟು ತಂಡದ ಬಟ್ಟೆ, ಬೂಟು ನೋಡಿಕೊಳ್ಳುತ್ತಿದ್ದ. ಗೌನಾ ಅಂಗಿಗೆ ಕೈಚಾಚದೆ ಒಂದು ಹೆಜ್ಜೆ ಹಿಂದೆ ಸರಿದ. ಒಹೇದಾ ಮಾತ್ರ ಸುಮ್ಮನೆ ‘ಮಾತೆ’ ಎಂಬ ಎಲೆಕಷಾಯದ ಸೋರೆಬುರುಡೆಯನ್ನು ಮುಂದೆ ಚಾಚಿದ.

"ಕುಡಿ. ಬಿಸಿಲಲ್ಲಿ ಬಂದಿದೀಯ."

ಆಡುವುದು ಬಿಟ್ಟು ಕೈಯೆತ್ತಿದವನು ಎಂದು ಊರು ಒಹೇದಾನಿಗೆ ‘ಕೈಯೆತ್ತಪ್ಪ’ ಎಂಬ ಹೆಸರಿಟ್ಟಿತ್ತು. ಕಟುಕನ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕಡೆಗೆ ಅವನ ಹೆಂಡತಿ ಮಿರ್ನಾಳ ಬಾಯಲ್ಲೂ ಅದೇ. ಅದನ್ನು ಕೇಳಿದಾಗಲೆಲ್ಲ ಗೌನಾ ಅಲ್ಲಿಂದ ಎದ್ದು ಹೋಗುತ್ತಿದ್ದ. ಮೂರು ವಾರ ಅವನು ಆಡಿದ್ದು ಆಟವೇ ಅಲ್ಲ. ಅಂಚಿನ ಹತ್ತಿರ ಹೋದರೆ ಸಾಕು, ಚೆಂಡನ್ನು ಹಿಂದಕ್ಕೆ ಕೊಟ್ಟು ನಿಲ್ಲುತ್ತಿದ್ದ.

ನಾಲ್ಕನೆಯ ಶನಿವಾರ ಒಹೇದಾ ಹಿತ್ತಲಲ್ಲಿ ಅಂಗಿ ಒಣಹಾಕುತ್ತಿದ್ದಾಗ ಗೌನಾ ಹೋಗಿ ಎದುರು ನಿಂತ.

"ಅವತ್ತು ಚೆಂಡು ಹೊರಗೆ ಹೋಗಿತ್ತು ಕಣೋ."

ಒಹೇದಾನ ಕೈ ಹಗ್ಗದ ಮೇಲೇ ನಿಂತಿತು. "ಎಷ್ಟು?"

"ಒಂದು ಗೇಣು. ನಾನು ನೋಡಿದ್ದೆ."

ಒಹೇದಾ ಒದ್ದೆ ಬಟ್ಟೆಯ ಬುಟ್ಟಿಯ ಮೇಲೇ ಕುಕ್ಕರಿಸಿದ. ಕೈಲಿದ್ದ ಅಂಗಿಯನ್ನು ಸುಮ್ಮನೆ ಹಿಂಡಿದ. ಆಮೇಲೆ ಮೆಲ್ಲಗೆ ಅಂದ: "ಎಲ್ರೂ ಹೇಳಿ ಹೇಳಿ, ನನಗೇ ಭ್ರಮೆ ಇತ್ತೇನೋ ಅನ್ಸಿಬಿಟ್ಟಿತ್ತು ಮಾರಾಯ. ಅದಕ್ಕೇ ಆಟ ಬಿಟ್ಟೆ. ಕಣ್ಣು ನಂಬೋಕಾಗದವನು ಏನು ಆಡ್ತಾನೆ?" ಧಡಕ್ಕನೆ ಎದ್ದು ಕೈಲಿದ್ದ ಒದ್ದೆ ಅಂಗಿಯಿಂದ ಗೌನಾನ ಮುಖಕ್ಕೆ, ಬೆನ್ನಿಗೆ ಪಟಪಟನೆ ಬಾರಿಸಿದ. ಗೌನಾ ತಪ್ಪಿಸಿಕೊಳ್ಳಲಿಲ್ಲ. ಹೊಡೆಯುತ್ತಾ ಹೊಡೆಯುತ್ತಾ ಒಹೇದಾ ನಗತೊಡಗಿದ, ಕಣ್ಣಲ್ಲಿ ನೀರೂ ಇತ್ತು. "ನಡಿ, ಅವರೆಲ್ಲರ ಮುಂದೆ ಹೇಳು. ಈಗಲೇ!"

ಕ್ಲಬ್ಬಿನ ಅಂಗಳದಲ್ಲಿ ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು, ಅರ್ಧ ಊರೇ ಸೇರಿತ್ತು. ಗೌನಾ ಬೆಂಚಿನ ಮೇಲೆ ನಿಂತು, ಕಂಡದ್ದನ್ನು ಕಂಡ ಹಾಗೆ, ಗೇಣಿನ ಲೆಕ್ಕವನ್ನೂ ಬಿಡದೆ ಹೇಳಿದ.

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುಂಯ್ ಎಂದಿತು. "ಕಳ್ಳ ನನ್ಮಗನೇ!" ಎಂದು ಕಟುಕ ಚಾಕು ಹಿಡಿದೇ ಎದ್ದ. ದೋನ್ಯಾ ಎರ್ಮಿಂದಾ ಬೀಸಣಿಗೆಯಿಂದ ಅವನನ್ನು ತಡೆದಳು.

"ಕೂತ್ಕೊಳ್ಳೋ. ಇವನು ಒಂದು ಸಲ ಸುಳ್ಳಾಡಿದ. ನಾವು ಆರು ವರ್ಷ ಈ ಬಡಪಾಯೀನ ಸುಳ್ಳು ಹೆಸರಲ್ಲಿ ಕರೆದ್ವಲ್ಲ, ಅದಕ್ಕೇನಂತೀಯ?" ಒಹೇದಾನ ಹತ್ತಿರ ಬಂದು ಅವನ ಕೆನ್ನೆ ಹಿಡಿದಳು. "ಕ್ಲೌದೆಲಿನೊ, ನಮ್ಮದು ತಪ್ಪಾಯ್ತಪ್ಪ."

ಮಿರ್ನಾ ಕೆಂಡದ ಹತ್ತಿರ ಹೋದಳು. ತಟ್ಟೆಯಲ್ಲಿ ಒಳ್ಳೆಯ ತುಂಡು ಹಾಕಿ ಗಂಡನಿಗೆ ಕೊಟ್ಟಳು. ಗೌನಾನ ತಟ್ಟೆಗೆ ಬಿದ್ದದ್ದು ಬರೀ ಮೂಳೆ. ಅದನ್ನು ಅವನು ಚೀಪಿದಷ್ಟು ರುಚಿಯಾಗಿ ಆ ಸಂಜೆ ಯಾರೂ ಉಂಡಿರಲಾರರು.

ಮರುದಿನ ಪಂದ್ಯ. ಗೌನಾ ಮೈದಾನಕ್ಕಿಳಿದ ಕೂಡಲೇ ಊರಿನವರೇ ಬೊಬ್ಬೆ ಹೊಡೆದರು.

"ಏಯ್ ಗೇಣು! ಗೆರೆ ಒಳಗೇ ಆಡೋ!"

"ಯಾರಾದ್ರೂ ಅವನಿಗೆ ಕನ್ನಡಕ ಕೊಡ್ರೋ!"

ಹೊಸ ಹೆಸರು ಆಗಲೇ ಅಂಟಿತ್ತು. ಅದನ್ನು ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ಮೊದಲ ಚೆಂಡು ಕಾಲಿಗೆ ಬಿದ್ದಾಗ ಹಿಂದಕ್ಕೆ ಕೊಡಲಿಲ್ಲ. ಅಂಚಿನಗುಂಟ ಓಡಿದ, ಎದುರಿನವನನ್ನು ಎರಡು ಸಲ ಯಾಮಾರಿಸಿದ, ಚೆಂಡು ತೂರಿದ. ಮುಂದಿದ್ದವನು ತಲೆಯಿಂದ ಹೊಡೆದದ್ದು ಗೋಲಿನ ಮೇಲಿಂದ ಹಾರಿ ಹೋಯಿತು. ಗೌನಾ ಬೇಸರಿಸಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು ಎದೆತುಂಬ ಉಸಿರೆಳೆದುಕೊಂಡ.

ಬೆಂಚಿನಿಂದ ಒಹೇದಾ ನೀರಿನ ಬಾಟಲಿ ಎಸೆದ. "ಚೆನ್ನಾಗಿತ್ತು ಕಣೋ," ಎಂದ. "ಇನ್ನೊಂದು ತೂರು."