ಔಷಧಿಯ ಖಾಲಿ ಡಬ್ಬಿ ಯಾರದು?

ಸುಗಂಧಾ ಬೂದಿ ಹಚ್ಚಿ ತಗಡಿನ ಡಬ್ಬಿಯೊಂದನ್ನು ತಿಕ್ಕುತ್ತಿದ್ದಳು. ಇದು ಮೂರನೆಯ ಸಲ. ಪಕ್ಕದ ಮನೆಯ ದ್ರೌಪತಿ ನೀರಿನ ಕೊಡ ಇಳಿಸಿ ಅಲ್ಲೇ ನಿಂತಳು.

"ಇದು ತೊಗರಿಗೆ ಹೊಡಿಯೂ ಔಷಧಿ ಡಬ್ಬಿ ಅಲ್ಲೇನ?"

"ಹೌದಕ್ಕಾ. ಕೆಲಸ ಮುಗದ ಮ್ಯಾಲ ಖಾಲಿ ಡಬ್ಬಿ ಆಳಿಗೇ ಅಲಾ? ಸಾವ್ಕಾರ್ರು ಕೊಟ್ರು. ಕುಡಿಯೂ ನೀರಿಗೆ ಇಡತೀನಿ. ಯಾಕ ಹಾಂಗ ನೋಡಾಕತ್ತಿ? ನಿಂಗ ಸಿಗಲಿಲ್ಲಂತ ಹೊಟ್ಟಿಕಿಚ್ಚೇನ?"

"ನಂಗ ಹ್ವಾದ ವರ್ಷನ ಸಿಕ್ಕಿತ್ತ. ಅದರಾಗಿನ ನೀರ ಕುಡದು ನನ್ನ ಮಗ ಮಚ್ಚೇಂದ್ರ ಮೂರ ದಿನಾ ಹುಮನಾಬಾದ ದವಾಖಾನ್ಯಾಗ ಇದ್ದ."

"ನೀ ಛಂದಂಗ ತಿಕ್ಕಿರಲಿಕ್ಕಿಲ್ಲ. ಇದನ್ನ ಮೂಸಿ ನೋಡು, ವಾಸನಿ ಎಲ್ಲದ?"

"ವಾಸನಿ ಹೋದ್ರ ವಿಷ ಹೋಗಂಗಿಲ್ಲ ಸುಗಂಧಾ. ಆ ಜಹರ ತಗಡಿನ ಸಂದ್ಯಾಗ ಕುಂತಿರತದ. ಡಾಕ್ಟರಬಾಯಾರು ನನ್ನ ಮುಂದ ಕುಂದ್ರಿಸಿಕೊಂಡು ಹೇಳ್ಯಾರ."

ಸುಗಂಧಾಳ ಕೈ ನಿಂತಿತು. ಒಳಗೆ ಅವಳ ಎರಡು ವರ್ಷದ ಮಗಳು ಮಲಗಿದ್ದಳು.

"ಇಷ್ಟ ಗೊತ್ತಿದ್ದಾಕಿ ಸರ್ಕಾರಕ್ಕ ಯಾಕ ಹೇಳಲಿಲ್ಲ? ಇಂಥಾ ಡಬ್ಬಿ ಊರ ತುಂಬಾ ಅವ."

ದ್ರೌಪತಿ ಸೆರಗಿನ ಅಂಚು ತಿರುವಿದಳು. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲೇ ಅವಳು ಶಾಸಕರಿಗೆ ಪತ್ರ ಬರೆದಿದ್ದಳು. ಅದು ಹತ್ತು ತಿಂಗಳಿಂದ ಟ್ರಂಕಿನಲ್ಲೇ ಇತ್ತು. ಪತ್ರದ ಸುದ್ದಿ ಮಹಾರುದ್ರಪ್ಪ ಸಾವ್ಕಾರರ ಕಿವಿಗೆ ಬಿದ್ದರೆ ಮತ್ತೆ ಕೆಲಸಕ್ಕೆ ಕರೆಯಲಿಕ್ಕಿಲ್ಲ ಎಂಬ ಭಯ ಅವಳಿಗೆ. ಅದನ್ನೆಲ್ಲ ಈಗ ಸುಗಂಧಾಳಿಗೆ ಹೇಳಿದಳು.

"ಎಮ್ಮೆಲ್ಲೆ ಸಾಹೇಬರು ಡಬ್ಬಿ ಸಲವಾಗಿ ಏನ ಮಾಡತಾರ?" ಎಂದಳು ಸುಗಂಧಾ.

"ಬೆಂಗಳೂರ ಸಭಾದಾಗ ನಿಂತು ಸರ್ಕಾರಕ್ಕ ಸವಾಲ ಕೇಳೂದ ಅವರ ಕೆಲಸ. ಕೇಳಿದ ಮ್ಯಾಲ ಮಂತ್ರಿ ಜವಾಬ ಕೊಡಬೇಕಾಗತದ. ನಾವು ತಿಳಸದಿದ್ರ ಅವರಿಗಿದು ಹ್ಯಾಂಗ ಗೊತ್ತಾಗಬೇಕು?"

"ಹಂಗಾದ್ರ ನಡಿ, ಮೊದಲ ಸಾವ್ಕಾರ್ರ ಮನಿಗೇ ಹೋಗೂಣು. ನನ್ನ ಮಗಳಿಗಿಂತ ಅವರ ಸಿಟ್ಟ ದೊಡ್ಡದಲ್ಲ."

ಸಾವ್ಕಾರರ ಹೆಂಡತಿ ಕಸ್ತೂರಿಬಾಯಿ ಪಡಸಾಲೆಯಲ್ಲಿ ಶೇಂಗಾ ಎಣ್ಣೆ ಬಗ್ಗಿಸಿಕೊಳ್ಳುತ್ತಿದ್ದರು. ಅದೂ ಅಂಥದೇ ಔಷಧಿ ಡಬ್ಬಿಯಿಂದ. ದ್ರೌಪತಿ ಹೇಳಬೇಕೆಂದುಕೊಂಡು ಬಂದದ್ದೆಲ್ಲ ಮರೆತು ಅಂಗಳದಿಂದಲೇ, "ಅವ್ವಾರೆ, ಅದನ್ನ ಕೆಳಗಿಡ್ರಿ" ಎಂದಳು.

ಮಚ್ಚೇಂದ್ರನ ಸಂಗತಿ, ಟ್ರಂಕಿನಲ್ಲಿದ್ದ ಪತ್ರದ ಸಂಗತಿ ಎರಡೂ ಕೇಳಿ ಕಸ್ತೂರಿಬಾಯಿ ಡಬ್ಬಿಯನ್ನು ದೂರ ಸರಿಸಿದರು.

"ಛಲೋದಂತ ತಿಳಕೊಂಡ ನಿಮಗೂ ಕೊಟ್ವಿ, ನಾವೂ ಇಟಗೊಂಡ್ವಿ. ಆ ಪತ್ರ ತಗೊಂಡ ಬಾ. ನನ್ನ ಹೆಸರೂ ಬರಿ."

"ನನ್ನ ಸಹಿ ಬ್ಯಾಡೇನ?" ಎಂದರು ಅಲ್ಲೇ ಕುಳಿತಿದ್ದ ಮಹಾರುದ್ರಪ್ಪ.

"ನೀವು ಮೊದಲ ಅಟ್ಟದ ಮ್ಯಾಲಿನ ನಾಕ ಡಬ್ಬಿ ಇಳಸ್ರಿ. ಆಮ್ಯಾಲ ಸಹಿ."

ತಾಯಂದಿರೇ, ನಿಮ್ಮ ಮನೆಯಲ್ಲಿಯೂ ಅಂಥ ಡಬ್ಬಿ ಇದ್ದೀತು, ಹುಡುಕಿ ನೋಡಿರಿ. ಎಷ್ಟು ತೊಳೆದರೂ ಅದು ನೀರಿಗಾಗದು, ಎಣ್ಣೆಗಾಗದು. ತೂತು ಹೊಡೆದು ಮಕ್ಕಳ ಕೈಗೆ ಸಿಗದಂತೆ ಇಡಿರಿ. ಹಳೆಯ ಸಾಮಾನು ಕೊಳ್ಳುವವನಿಗೂ ಮಾರಬೇಡಿರಿ, ಅದು ಮತ್ತೊಬ್ಬರ ಮನೆ ಸೇರುತ್ತದೆ. ಆಮೇಲೆ ಕುಳಿತು ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ಓಟು ಹಾಕಿದವರಿಗೆ ಕೇಳುವ ಹಕ್ಕೂ ಇದೆ.

ದ್ರೌಪತಿ ಬರೆದಿದ್ದು ಇಷ್ಟೇ: "ಈ ಖಾಲಿ ಡಬ್ಬಿಗಳನ್ನು ವಾಪಸು ಒಯ್ಯಬೇಕಾದವರು ಯಾರು? ಸರ್ಕಾರವನ್ನು ಕೇಳಿ ನಮಗೆ ತಿಳಿಸಿರಿ." ಮರುದಿನ ತಮ್ಮ ಊರು ಘಾಟಬೋರಾಳಕ್ಕೆ ಬಂದ ಟಪಾಲಿನವನ ಕೈಗೆ ಅದನ್ನು ಕೊಟ್ಟು, ಅವನು ಚೀಲದೊಳಗೆ ಹಾಕಿಕೊಳ್ಳುವವರೆಗೂ ಅವಳು ಅಲ್ಲೇ ನಿಂತಿದ್ದಳು.