ಕೂತಾಗಿನ ಅಳತೆ

ಮಂಡಿ ಮೇಷ್ಟ್ರು ಮನುಷ್ಯರನ್ನು ಗುರುತಿಟ್ಟುಕೊಳ್ಳುತ್ತಿದ್ದುದು ಮುಖದಿಂದಲ್ಲ, ಮೊಣಕಾಲಿನಿಂದ. ಬೀದಿಯಲ್ಲಿ ಯಾರಾದರೂ ಕೈಯೆತ್ತಿ ನಮಸ್ಕರಿಸಿದರೆ ಅವರ ದೃಷ್ಟಿ ಮೆಲ್ಲಗೆ ಕೆಳಗಿಳಿದು, ಎದುರಿನವರ ಮಂಡಿಯ ಬಳಿ ಅರೆಗಳಿಗೆ ತಂಗಿ, ಅಲ್ಲಿಂದ ಹಳೆಯ ಪರಿಚಯವೊಂದನ್ನು ಹೆಕ್ಕಿಕೊಂಡು ಮತ್ತೆ ಮೇಲೇರಿ ಬರುತ್ತಿತ್ತು. ಮುಗುಳ್ನಗೆ ಮೂಡುತ್ತಿದ್ದುದು ಆಮೇಲೆ. ಹೊಸಬರಿಗೆ ಇದರಿಂದ ಮುಜುಗರವಾಗುತ್ತಿತ್ತು. ನಾನು ಒಮ್ಮೆ ಎರಡು ವರ್ಷದ ಗಡ್ಡವನ್ನು ನುಣ್ಣಗೆ ಬೋಳಿಸಿಕೊಂಡು ಹೊರಬಿದ್ದಾಗ ಪಕ್ಕದ ಮನೆಯವರೇ ನನ್ನನ್ನು ಯಾರೋ ಎಂದುಕೊಂಡು ದಾರಿ ಬಿಟ್ಟುಕೊಟ್ಟಿದ್ದರು. ಮೇಷ್ಟ್ರು ಮಾತ್ರ ಅಂಗಡಿಯ ಒಳಗಿನಿಂದಲೇ, "ಬನ್ನಿ ಬನ್ನಿ, ಎಡಗಾಲು ಇನ್ನೂ ಹೊರಕ್ಕೇ ತಿರುಗ್ತಾ ಇದೆಯಲ್ಲ" ಎಂದು ಬರಮಾಡಿಕೊಂಡರು. ಗಡ್ಡ ಹೋದದ್ದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರು ದರ್ಜಿ. ಆದರೆ ಅಂಗಿ ಹೊಲಿಯುವುದಿಲ್ಲ, ಕೋಟು ಹೊಲಿಯುವುದಿಲ್ಲ, ಪರದೆಗೆ ಅಂಚು ಮಡಿಸಿಕೊಡಿ ಎಂದರೂ ಕೈಮುಗಿಯುವವರು. ಬೈಕು ಓಡಿಸುವವರು ಬಿದ್ದಾಗ ಕಾಲುಗಳನ್ನು ಕಾಯುವ ಪ್ಯಾಂಟು ಅವರ ಏಕೈಕ ಸೃಷ್ಟಿ. ಟೈರಿನಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮೊದಲು ಲೇತ್ ಮಿಷನ್ ಇದ್ದ ಉದ್ದನೆಯ ಕೊಠಡಿಯೇ ಅವರ ಕಾರ್ಯಶಾಲೆ. ಯಂತ್ರ ಹೋಗಿ ಎಷ್ಟೋ ಕಾಲವಾದರೂ ಎಣ್ಣೆಯ ಸಣ್ಣ ವಾಸನೆ ಗೋಡೆಗಳನ್ನು ಬಿಟ್ಟಿರಲಿಲ್ಲ. ಮಾಡಿನ ಒಂದೇ ಒಂದು ಗಾಜಿನ ಹಂಚಿನಿಂದ ಇಳಿಯುವ ಬೆಳಕಿನ ಚೌಕ ಬೆಳಗ್ಗೆ ಕತ್ತರಿಯ ಮೇಲೆ ಬಿದ್ದು, ಮಧ್ಯಾಹ್ನ ಬಟ್ಟೆಯ ಸುರುಳಿಗಳನ್ನು ದಾಟಿ, ಸಂಜೆಯ ಹೊತ್ತಿಗೆ ಕೊಠಡಿಯ ನಡುವೆ ನಿಂತ ಬೈಕಿನ ಸೀಟನ್ನು ಹತ್ತುತ್ತಿತ್ತು. ಆ ಬೈಕಿಗೆ ಎಂಜಿನ್ ಇರಲಿಲ್ಲ. ಮರದ ದಿಮ್ಮಿಗಳ ಮೇಲೆ ಅದನ್ನು ನೆಲೆನಿಲ್ಲಿಸಿ, ಹ್ಯಾಂಡಲ್ಲನ್ನು ಏರಿಸಿ ಇಳಿಸುವಂತೆ, ಕಾಲಿಡುವ ಕಡ್ಡಿಗಳನ್ನು ಹಿಂದೆಮುಂದೆ ಸರಿಸುವಂತೆ ಮೇಷ್ಟ್ರೇ ಮಾಡಿಕೊಂಡಿದ್ದರು. ಯಾರು ಬಂದರೂ ಮೊದಲು ಅದರ ಮೇಲೆ ಹತ್ತಿ ಕೂರಬೇಕು, ಅಳತೆ ಆಮೇಲೆ.

ತೋಳಿಲ್ಲದ ಕಂದು ಕೋಟು, ಅದರ ಕಾಲರಿನ ಉದ್ದಕ್ಕೂ ಗುಂಡುಸೂಜಿಗಳು, ಕಿಸೆಯಲ್ಲಿ ಸೀಮೆಸುಣ್ಣದ ತುಂಡು, ಎಡಭುಜದ ಮೇಲೆ ಟೇಪು. ನಡೆಯುವಾಗ ಹಿಮ್ಮಡಿ ಊರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎಂಬಂತೆ ಬೆರಳುಗಳ ಮೇಲೆ ತೇಲಿಕೊಂಡು ಬರುತ್ತಿದ್ದರು. ಮಾತಂತೂ ವಿಚಿತ್ರ. ವಾಕ್ಯವನ್ನು ಶುರುಮಾಡಿ ನಡುವೆ ಬಿಟ್ಟು ಎಲ್ಲಿಗೋ ಹೋಗಿಬಿಡುತ್ತಿದ್ದರು, ಮತ್ತೆ ಹಿಂತಿರುಗಿ ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. "ಈ ಬಟ್ಟೆ ಗಟ್ಟಿ, ಆದ್ರೆ..." ಎಂದವರು ಒಂದು ಕಾಲಿನ ಹೊಲಿಗೆಯನ್ನು ಪೂರ್ತಿ ಮುಗಿಸಿ, ದಾರ ಕಡಿದು, ಕನ್ನಡಕ ಒರೆಸಿ, "...ಬಿಸಿಲಿಗೆ ಆಗಲ್ಲ" ಎನ್ನುವರು. ಅಷ್ಟರಲ್ಲಿ ನಾವು ಕೇಳಿದ್ದೇನೆಂಬುದು ನಮಗೇ ಮರೆತಿರುತ್ತಿತ್ತು.

ನಲವತ್ತಮೂರನೆಯ ವಯಸ್ಸಿನಲ್ಲಿ ಬುದ್ಧಿ ಕೆಟ್ಟು ಬೈಕು ಕೊಂಡವನು ನಾನು. ಒಳ್ಳೆಯದೊಂದು ಪ್ಯಾಂಟು ಬೇಕು ಎಂದು ಹೋದೆ. "ಒಳ್ಳೇದು ಅಂದ್ರೆ ಯಾವುದಕ್ಕೆ?" ಎಂದರು. ಬೈಕಿಗೆ ಎಂದೆ. "ಬೈಕಿಗೆ ಪ್ಯಾಂಟ್ ಬೇಡ ಸ್ವಾಮೀ, ನಿಮಗೆ ಬೇಕು. ದಿನಾ ಎಷ್ಟು ದೂರ? ಬಿಸಿಲೋ ಚಳಿಯೋ? ಇಳಿದ ಮೇಲೆ ಅದೇ ಪ್ಯಾಂಟಲ್ಲಿ ಸಂಜೆವರೆಗೆ ಕೂತಿರಬೇಕೋ?" ನಾನು ತೊಟ್ಟಿದ್ದ ಜೀನ್ಸು ದಪ್ಪಗಿದೆ, ಅದೇ ಸಾಕಲ್ಲವೇ ಎಂಬ ನನ್ನ ಜಂಬವನ್ನು ಅವರು ಪರೀಕ್ಷೆಗೇ ಹಚ್ಚಿದರು. ಅಂಥದೇ ಬಟ್ಟೆಯ ಚೂರನ್ನು ಹೊಸ್ತಿಲ ಮೇಲೆ ಹಾಸಿ ಇಟ್ಟಿಗೆಯಿಂದ ನಾಲ್ಕು ಸಲ ಉಜ್ಜಿದರು. ಐದನೆಯ ಸಲಕ್ಕೆ ನನ್ನ ಹೆಬ್ಬೆರಳು ತೂರುವಷ್ಟು ತೂತು. ಹಾಗಾದರೆ ಚರ್ಮದ್ದೇ ಕೊಡಿ ಎಂದೆ. ಚರ್ಮದಷ್ಟು ತಾಳುವುದು ಬೇರೆ ಇಲ್ಲ, ನಿಜ. ಆದರೆ ಸೆಕೆಗೆ ಹೆದರಿ ನೀವು ಅದನ್ನು ಮೂರನೇ ದಿನಕ್ಕೇ ಮನೆಯಲ್ಲಿ ಬಿಟ್ಟು ಹೋಗುತ್ತೀರಿ, "ಗೂಟಕ್ಕೆ ನೇತುಹಾಕಿದ ಪ್ಯಾಂಟು ಗೂಟಾನ ಮಾತ್ರ ಕಾಪಾಡುತ್ತೆ" ಎಂದರು. ಕೊನೆಗೆ ಗಾಳಿಯಾಡುವ ಜಾಲರಿ ಬಟ್ಟೆಗೆ ಸೊಂಟದ ಪಕ್ಕ, ಕೂರುವ ಭಾಗ, ಮಂಡಿ ಇಷ್ಟೂ ಕಡೆ ಉಜ್ಜಿದರೂ ಜಗ್ಗದ ಬಟ್ಟೆ ಕೂಡಿಸಿ, ಮಂಡಿಗೂ ಸೊಂಟಕ್ಕೂ ಪೆಟ್ಟು ಹೀರುವ ಪ್ಯಾಡುಗಳಿಗೆ ಒಳಚೀಲ ಇಟ್ಟು, ಮೇಲಿನ ಜಾಕೆಟ್ಟಿಗೆ ಸೇರುವಂತೆ ಸೊಂಟದ ಸುತ್ತ ಜಿಪ್ಪು ಹಾಕಿ ಕೊಟ್ಟರು. ಅದನ್ನು ತೊಟ್ಟು ನಿಂತರೆ ಮಂಡಿಯ ಪ್ಯಾಡು ಜಾರಿ ಕೆಳಗಿಳಿದಂತೆ ಕಾಣುತ್ತಿತ್ತು. ಕನ್ನಡಿಯ ಮುಂದೆ ನಾನು ಮುಖ ಹುಳ್ಳಗೆ ಮಾಡಿದ್ದನ್ನು ಕಂಡು, "ನಿಂತ್ಕೊಂಡು ಬೈಕ್ ಓಡಿಸ್ತೀರಾ?" ಎಂದರು.

ಕೂತ ಅಳತೆಯ ಈ ಹಟಕ್ಕೆ ಕಾರಣವಿತ್ತು. ಕಸುಬಿನ ಮೊದಲ ವರ್ಷ ಒಬ್ಬ ಅಂಚೆಯವನಿಗೆ ನಿಂತಾಗಿನ ಅಳತೆ ಹಿಡಿದು ಬಹಳ ಅಂದವಾದ ಪ್ಯಾಂಟು ಹೊಲಿದುಕೊಟ್ಟಿದ್ದರಂತೆ. ಕೂತೊಡನೆ ಬಟ್ಟೆ ಮೇಲಕ್ಕೆ ಸೆಳೆದು, ಪ್ಯಾಡು ತೊಡೆಯ ಮೇಲೆ ಹತ್ತಿ ಕೂತು, ಅವನು ಬಿದ್ದ ದಿನ ಮಂಡಿಯ ಚಿಪ್ಪು ಬರಿಗಲ್ಲಿಗೆ ಬಡಿಯಿತು. ಅಂಚೆಯಣ್ಣ ಇಂದಿಗೂ ಕುಂಟುತ್ತಲೇ ವಾರಕ್ಕೊಮ್ಮೆ ಬಂದು ಬಾಗಿಲ ಬಳಿ ಕೂರುತ್ತಾನೆ, ಹರಟುತ್ತಾನೆ, ಹೋಗುತ್ತಾನೆ. ಅವನಿಗೆ ಎಂದೂ ಸಿಟ್ಟಿರಲಿಲ್ಲ. ಮೇಷ್ಟ್ರಿಗೇ ತಮ್ಮ ಮೇಲಿನ ಸಿಟ್ಟು ಇಳಿಯಲಿಲ್ಲ.

ಇಷ್ಟೆಲ್ಲ ಬಲ್ಲ ಈ ಮನುಷ್ಯನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ. ಊರಿನ ಗಡಿ ದಾಟಿದ್ದೇ ಎಣಿಸಿ ಹೇಳುವಷ್ಟು ಸಲ. ಆದರೆ ಅವರಿಗೆ ತಿಳಿಯದ ರಸ್ತೆ ಇರಲಿಲ್ಲ. ದುರಸ್ತಿಗೆಂದು ಬಂದ ಪ್ಯಾಂಟುಗಳನ್ನು ಮೇಜಿನ ಮೇಲೆ ಹರಡಿ, ಅಂಚನ್ನು ಬಿಚ್ಚಿ, ಅಲ್ಲಿ ಕೂತ ಧೂಳನ್ನು ಅಂಗೈಗೆ ಸುರಿದುಕೊಂಡು ಬಹುಹೊತ್ತು ನೋಡುತ್ತಿದ್ದರು. ಇದು ಕೆಂಪು, ಗುಡ್ಡ ಕಡಿದು ಮಾಡಿದ ಹೊಸ ರಸ್ತೆ; ಇದು ಬಿಳಿ ಉಪ್ಪಿನ ಗೆರೆ, ಸಮುದ್ರದ ಗಾಳಿಯಲ್ಲಿ ಮೂರು ದಿನವಾದರೂ ಓಡಾಡಿದ್ದಾರೆ; ಇದು ಮರದ ಅಂಟು, ಕಾಡಿನಲ್ಲಿ ಎಲ್ಲೋ ಒರಗಿ ಕೂತು ದಣಿವಾರಿಸಿಕೊಂಡಿದ್ದಾರೆ. ಹಾಗೆ ಹೇಳುವಾಗ ಅವರ ದನಿ ಕನಸಿನಲ್ಲಿ ಮಾತಾಡುವವರಂತೆ ತಗ್ಗುತ್ತಿತ್ತು, ಗಾಜಿನ ಹಂಚಿನ ಬೆಳಕು ಆ ಚಿಟಿಕೆ ಧೂಳಿನ ಮೇಲೆ ಬಿದ್ದು ಕೊಠಡಿಯ ತುಂಬ ದಾರಿಗಳು ಬಿಚ್ಚಿಕೊಳ್ಳುತ್ತಿದ್ದವು. ಶನಿವಾರದ ಮಧ್ಯಾಹ್ನಗಳಲ್ಲಿ ನಾನು ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗುತ್ತಿದ್ದುದು ಈ ಸುಖಕ್ಕೆ.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಪ್ಲಾಸ್ಟರ್ ಅಕ್ಕ ಎನ್ನುತ್ತಿದ್ದರು. ಮೂಳೆ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಸುತ್ತುವುದು ಆಕೆಯ ಇಪ್ಪತ್ತೆಂಟು ವರ್ಷದ ಕೆಲಸ. ಸುತ್ತಿದ ಮೇಲೆ ಅದು ಬಿಗಿಯುವ ತನಕ ರೋಗಿಯ ಕಾಲು ಹಿಡಿದುಕೊಂಡು ಕೂರಬೇಕಲ್ಲ, ಆ ಹೊತ್ತಿನಲ್ಲಿ ಬಿದ್ದವರೆಲ್ಲ ತಾವು ಹೋದ ದಾರಿಗಳ ವರ್ಣನೆ ಮಾಡುತ್ತಿದ್ದರು. ಗಂಡ ಅಂಚಿನ ಧೂಳಿನಿಂದ ಕಂಡ ಲೋಕವನ್ನು ಹೆಂಡತಿ ನೋವಿನವರ ಬಾಯಿಂದ ಕೇಳಿದ್ದಳು. ಅವುಗಳಲ್ಲಿ ಒಂದು ರಸ್ತೆ ಆಕೆಯನ್ನು ಬಿಡಲಿಲ್ಲ. ಎರಡು ದಿನದ ಪ್ರಯಾಣದಾಚೆ, ನೆಲ ಮುಗಿಯುವಲ್ಲಿ, ಎರಡೂ ಕಡೆ ನೀರು ಇದ್ದು ನಡುವೆ ಬರಿಯ ರಸ್ತೆ ಇರುವ ಒಂದು ಜಾಗವಂತೆ. ಅದರ ತುದಿಯಲ್ಲಿ ದೀಪಸ್ತಂಭವಂತೆ. ಐವತ್ತೊಂದನೆಯ ವಯಸ್ಸಿಗೆ, ತಾನೇ ಪ್ಲಾಸ್ಟರ್ ಹಾಕಿದ್ದ ಡ್ರೈವಿಂಗ್ ಶಾಲೆಯವನಿಂದ ಬೈಕು ಕಲಿತಳು. ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿ, ಒಬ್ಬಳೇ ಆ ದೀಪಸ್ತಂಭಕ್ಕೆ ಹೋಗಿಬರುವುದಾಗಿ ಹೇಳಿ, ತನಗೊಂದು ಪ್ಯಾಂಟು ಹೊಲಿದುಕೊಡಿ ಎಂದಳು.

ಮೇಷ್ಟ್ರು ಇಲ್ಲವೆನ್ನಲಿಲ್ಲ. ಹೊಲಿಯತೊಡಗಿದರು. ಆದರೆ ಮೂರು ಶನಿವಾರ ಕಳೆದರೂ ಅದೇ ಬೂದುಬಣ್ಣದ ಪ್ಯಾಂಟು ಮೇಜಿನ ಮೇಲೆಯೇ ಇತ್ತು. ಹೋದ ವಾರ ಕೂಡಿಸಿದ್ದ ಕಾಲು ಈ ವಾರ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಹೇಳಿದ ದಿನ ತಪ್ಪಿಸಿದ ಚರಿತ್ರೆಯೇ ಇಲ್ಲದ ಮನುಷ್ಯ. ನಾನು ಕೆಣಕಿದೆ: "ಏನು ಮೇಷ್ಟ್ರೇ, ಮನೆಯವರ ಕೆಲಸ ಅಂದ್ರೆ ಇಷ್ಟು ಅಸಡ್ಡೆಯಾ?" ಅವರು ನಗಲಿಲ್ಲ. "ಇದು ಮುಗೀದೆ ಇರೋವರೆಗೂ..." ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಅವರು ಮತ್ತೆ ಎತ್ತಿಕೊಳ್ಳಲೇ ಇಲ್ಲ, ಎತ್ತಿಕೊಳ್ಳಬೇಕಾಗಿಯೂ ಇರಲಿಲ್ಲ. ಪ್ಯಾಂಟು ಮುಗಿಯದಿರುವ ತನಕ ಹೆಂಡತಿ ಮನೆಯಲ್ಲಿರುತ್ತಾಳೆ, ಕಾಲು ಮುರಿಯದೆ, ಕಣ್ಣಿಗೆ ಕಾಣುತ್ತ.

ಪ್ಲಾಸ್ಟರ್ ಅಕ್ಕನಿಗೂ ಇದು ಅರ್ಥವಾಗದೆ ಇರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಉಗುರಿನ ಸಂದಿಯ ಬಿಳಿ ಪುಡಿಯೊಡನೆಯೇ ನೆಟ್ಟಗೆ ಅಂಗಡಿಗೆ ಬಂದಳು. "ರೀ, ಸೋಮವಾರದಿಂದ ನನಗೆ ಎಂಟು ದಿನ ರಜ. ಪ್ಯಾಂಟು ಆದ್ರೆ ಅದನ್ನ ಹಾಕ್ಕೊಂಡು ಹೋಗ್ತೀನಿ. ಆಗದೇ ಇದ್ರೆ ಮನೇಲಿರೋ ತೆಳ್ಳಗಿನ ಪ್ಯಾಂಟಲ್ಲೇ ಹೋಗ್ತೀನಿ. ಹೋಗೋದಂತೂ ಹೋಗ್ತೀನಿ."

"ಬಿದ್ದವರ ಕಾಲು ದಿನಾ ನೋಡ್ತೀಯಲ್ಲೇ. ಭಯ ಆಗಲ್ವಾ ನಿನಗೆ?"

"ನೀವು ಹರಿದ ಪ್ಯಾಂಟು ಮಾತ್ರ ನೋಡಿದೀರಿ. ನಾನು ಅವರು ಎದ್ದು ನಡ್ಕೊಂಡು ಹೋಗೋದನ್ನೂ ನೋಡಿದೀನಿ."

ಮೇಷ್ಟ್ರು ಅಂದು ನಿಜವಾಗಿ ಕೈಹಚ್ಚಿದರು. ಶನಿವಾರದ ಹೊತ್ತಿಗೆ ಪ್ಯಾಂಟು ಸಿದ್ಧವಾಯಿತು. ಹೊಲಿಗೆ ಅಚ್ಚುಕಟ್ಟು, ಬಟ್ಟೆ ಅತ್ಯುತ್ತಮ, ಎರಡೆರಡು ಸಲ ಮಡಿಸಿ ಹೊಲಿದ ಅಂಚುಗಳು. ಆಕೆ ತೊಟ್ಟು ಬಂದು ಎಂಜಿನ್ನಿಲ್ಲದ ಆ ಬೈಕಿನ ಮೇಲೆ ಕೂತಳು. ಕೂತಿದ್ದೇ ತಡ, ನನ್ನಂಥ ಅಲ್ಪಜ್ಞನ ಕಣ್ಣಿಗೂ ಕಂಡಿತು: ಎರಡೂ ಪ್ಯಾಡುಗಳು ಮಂಡಿಯನ್ನು ಬಿಟ್ಟು ನಾಲ್ಕು ಬೆರಳು ಮೇಲೆ, ತೊಡೆಯ ಮೇಲೆ ಹತ್ತಿ ಕೂತಿದ್ದವು.

ಊರಿಗೆಲ್ಲ ಕೂರಿಸಿ ಅಳತೆ ತೆಗೆಯುವವರು ಹೆಂಡತಿಯ ಅಳತೆಯನ್ನೇ ತೆಗೆದಿರಲಿಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ ಎಂದು, ಮದುವೆಯಾದ ಹೊಸತರಲ್ಲಿ, ಬೈಕಿನ ಪ್ಯಾಂಟಿಗೆ ಇಳಿಯುವ ಮೊದಲು, ಆಕೆಗೆ ಬಟ್ಟೆ ಹೊಲಿದುಕೊಡುತ್ತಿದ್ದಾಗಿನ ಅಂಕಿಗಳನ್ನೇ ನೆನಪಿನಿಂದ ಇಳಿಸಿಕೊಂಡಿದ್ದರು. ಅದು ನಿಂತಾಗಿನ ಅಳತೆ, ಇಪ್ಪತ್ತೆಂಟು ವರ್ಷ ಹಿಂದಿನ ಹುಡುಗಿಯ ಅಳತೆ. ಆಕೆಯ ಸೊಂಟ ಅಗಲವಾಗಿ ಬಟ್ಟೆ ಮೇಲಕ್ಕೆ ಸೆಳೆಯುತ್ತದೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ನನ್ನ ಮಂಡಿ ಎಲ್ಲಿದೆ ಅಂತಾನೂ ಗೊತ್ತಿಲ್ವಲ್ರೀ ನಿಮಗೆ," ಎಂದಳು ಆಕೆ. ನಗುತ್ತಲೇ ಶುರುವಾದ ಮಾತು, ಮುಗಿಯುವಾಗ ನಗು ಇರಲಿಲ್ಲ.

ನಾನು ಎದ್ದು ಹೊರಡಬೇಕಿತ್ತು, ಹೊರಡಲಿಲ್ಲ. ಮೇಷ್ಟ್ರು ಟೇಪು ತೆಗೆದು, ಬೈಕಿನ ಪಕ್ಕ ನೆಲಕ್ಕೆ ಕೂತು, ಆಕೆ ಬದಲಿಸಿ ಬಂದ ಹಳೆಯ ಪ್ಯಾಂಟಿನ ಕಾಲನ್ನು ಮೇಲಕ್ಕೆ ಮಡಿಸಿದರು. ಮಕ್ಕಳ ಕಾಲಿಗೆ ಪ್ಲಾಸ್ಟರ್ ಸುತ್ತುವಾಗಲೆಲ್ಲ ನೆಲಕ್ಕೆ ಮಂಡಿಯೂರಿ ಆಕೆಯ ಮೊಣಕಾಲುಗಳ ಚರ್ಮ ಜಡ್ಡುಗಟ್ಟಿ ಕಪ್ಪಾಗಿತ್ತು. ಎಡಗಡೆಯದು ಸ್ವಲ್ಪ ಊದಿಕೊಂಡಿತ್ತು. ಕಂಡವರ ಮಂಡಿಯನ್ನೆಲ್ಲ ಕಂಠಸ್ಥ ಮಾಡಿಕೊಂಡ ಮನುಷ್ಯ ಈ ಎರಡನ್ನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ! ಅವರ ಕಣ್ಣು ತುಂಬಿತು. ನಾಚಿಕೆಯಿಂದಲೋ ದುಃಖದಿಂದಲೋ ನಾನು ಹೇಳಲಾರೆ, ಎರಡೂ ಇದ್ದಿರಬೇಕು. "ನೋವಿದೆಯಾ?" ಎಂದರು. "ಬೈಕ್ ಮೇಲೆ ಕೂತಾಗ ಇರಲ್ಲ," ಎಂದಳು ಆಕೆ. ಗಾಜಿನ ಹಂಚಿನ ಬೆಳಕು ಆ ಹೊತ್ತಿಗೆ ಸೀಟನ್ನು ಹತ್ತಿ ಆಕೆಯ ಮಡಿಲಲ್ಲಿತ್ತು. ಹ್ಯಾಂಡಲ್ ಹಿಡಿದು, ಎದುರಿನ ಗೋಡೆಯಾಚೆ ಎಲ್ಲೋ ನೀರು ಕಾಣುತ್ತಿದೆಯೆಂಬಂತೆ ನೋಡುತ್ತಿದ್ದಳು. ಮೇಷ್ಟ್ರು ಆ ಮುಖವನ್ನು ಕೆಳಗಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಅಳತೆ ಬರೆದುಕೊಂಡರು.

ಭಾನುವಾರವಿಡೀ ಯಂತ್ರದ ಸದ್ದು ಬೀದಿಗೆ ಕೇಳುತ್ತಿತ್ತಂತೆ. ಸೋಮವಾರ ಬೆಳಗ್ಗೆ ನಾನು ಹೋದಾಗ ಆಕೆ ಹೊರಟು ನಿಂತಿದ್ದಳು. ಮೇಷ್ಟ್ರು ಬಗ್ಗಿ ಪ್ಯಾಂಟಿನ ಅಂಚನ್ನು ಬೂಟಿನ ಮೇಲೆ ಎಳೆದರು, ಆಕೆಯನ್ನು ಸುತ್ತಿಬಂದು ಸೊಂಟದ ಜಿಪ್ಪು ನೋಡಿದರು, ಮತ್ತೆ ಅಂಚನ್ನು ಎಳೆದರು. "ಸಾಕು ಬಿಡೀಂದ್ರೆ, ಬಿಸಿಲೇರುತ್ತೆ," ಎಂದು ಆಕೆ ಕ್ಲಚ್ ಬಿಟ್ಟಳು.

ಆ ಎಂಟು ದಿನ ಮೇಷ್ಟ್ರು ಶುರುಮಾಡಿದ ಒಂದು ವಾಕ್ಯವೂ ಮುಗಿಯಲಿಲ್ಲ. ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಎಡಗಾಲೇ ಆಗುವಂತೆ ಕತ್ತರಿಸಿಟ್ಟರು. ಫೋನಿನಲ್ಲಿ ಆಕೆ ದಿನಕ್ಕೊಮ್ಮೆ ಊಟ ಆಯಿತು, ಚೆನ್ನಾಗಿದ್ದೇನೆ ಎನ್ನುತ್ತಿದ್ದಳು, ಅಷ್ಟೇ.

ಎಂಟನೆಯ ದಿನ ಮಧ್ಯಾಹ್ನ ಬಂದಳು. ಮುಖ ಸುಟ್ಟು ಕೆಂಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಪ್ಯಾಂಟಿನ ಎಡಮಂಡಿಯ ಮೇಲೆ ಅಂಗೈಯಗಲ ತರಚಿದ ಗುರುತು. ಮೇಷ್ಟ್ರು ಅದನ್ನೇ ನೋಡಿದರು. ದೀಪಸ್ತಂಭದ ಹತ್ತಿರ ಜಲ್ಲಿಯ ಮೇಲೆ ಬೈಕು ಜಾರಿತಂತೆ; ಎಡಗಾಲು ನೆಲಕ್ಕೆ ಬಡಿಯಿತಂತೆ; ಹೇಳಿದರೆ ನೀವು ಅಲ್ಲಿಗೇ ಬಸ್ಸು ಹತ್ತಿ ಬರುತ್ತಿದ್ದಿರಿ ಅಂತ ಹೇಳಲಿಲ್ಲವಂತೆ. "ಹರಿದಿಲ್ಲ ನೋಡಿ," ಎಂದಳು. ಮೇಷ್ಟ್ರು ಬೆರಳಿಟ್ಟು ತಡವಿದರು. ಪ್ಯಾಡು ಮಂಡಿಯ ಮೇಲೆಯೇ ಇತ್ತು. ಶನಿವಾರದ ಪ್ಯಾಂಟಾಗಿದ್ದರೆ ಆ ಜಾಗದಲ್ಲಿ ಒಂದೆಳೆ ಬಟ್ಟೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲವೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಇನ್ನು ಬೈಕು ಮಾರಿಬಿಡು ಎನ್ನುತ್ತಾರೆಂದು ನಾನು ಎಣಿಸಿದೆ. ಆಕೆಯೂ ಅದಕ್ಕೇ ಸೊಂಟದ ಮೇಲೆ ಕೈಯಿಟ್ಟು ಸಿದ್ಧವಾಗಿ ನಿಂತಿದ್ದಳು. ನೀರು ಕುಡಿದು, ಕನ್ನಡಕ ಒರೆಸಿ, ಮೇಷ್ಟ್ರು ಕೇಳಿದರು:

"ಮತ್ತೆ ಯಾವಾಗ ಹೋಗ್ತೀಯ?"

ತಾವು ಎಂದೂ ಹೋಗದ ದಾರಿಗಳಿಗೆ ಇತರರನ್ನು ಸಜ್ಜುಮಾಡಿ ಕಳಿಸುವ ಒಂದು ಜಾತಿಯ ಜನ ಲೋಕದಲ್ಲಿದ್ದಾರೆ. ಹೊರಡುವವರ ಹೆಸರು ಎಲ್ಲರಿಗೂ ತಿಳಿಯುತ್ತದೆ, ಇವರದು ಯಾರಿಗೂ ಬೇಕಾಗುವುದಿಲ್ಲ. ಇವರನ್ನು ಧೈರ್ಯವಂತರೆಂದು ಯಾರೂ ಕರೆಯುವುದಿಲ್ಲ, ಇವರೂ ತಮ್ಮನ್ನು ಹಾಗೆ ಎಣಿಸುವುದಿಲ್ಲ. ಕಲ್ಲು, ಜಲ್ಲಿ, ತಿರುವು ಎಲ್ಲವನ್ನೂ ಮೊದಲೇ ಕಲ್ಪಿಸಿಕೊಂಡು, ಹೋದವರಿಗಿಂತ ಹೆಚ್ಚು ಸಲ ಮನಸ್ಸಿನಲ್ಲೇ ಬಿದ್ದೆದ್ದು, ಎದೆಯೊಳಗಿನ ಭಯ ಎಳ್ಳಷ್ಟೂ ಕಡಿಮೆಯಾಗದಿದ್ದರೂ ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯುತ್ತಾರಲ್ಲ, ಪ್ರೀತಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ನಾನಂತೂ ಕಂಡಿಲ್ಲ.